ಐದು ಸುತ್ತಿನ ಕೊಸರು

ನಮ್ಮ ಮನೆಯವರಿಗೆ ಕಳ್ಳ ಎಂಬ ಹೆಸರು ಬಂದದ್ದು ಒಂದು ರೇಡಿಯೋದಿಂದ. ಅವರು ಸತ್ತು ಹನ್ನೆರಡು ವರ್ಷವಾಯಿತು, ಹೆಸರು ಸಾಯಲಿಲ್ಲ. ಹೋದ ವರ್ಷ ಶಿವಮೊಗ್ಗದ ಆಲ್ಕೊಳದ ಒಂದು ಮನೆಯಲ್ಲಿ ಅದು ಬಿಳಿ ರಟ್ಟಿನ ಮೇಲೆ ಅಚ್ಚಾಗಿ ನನ್ನ ಕಣ್ಣಿಗೇ ಬಿತ್ತು. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ಮಗಳು ತಿದ್ದುತ್ತಾಳೆ. ಅಕ್ಷರ ತಿದ್ದು, ವಿಷಯ ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ.

ಭದ್ರಾವತಿಯಲ್ಲಿ ಸೇತುವೆಯ ಈಚೆ ನಮ್ಮದು ಒಂದೇ ಬಾಗಿಲಿನ ರೇಡಿಯೋ ರಿಪೇರಿ ಅಂಗಡಿ. ಮುಂದೆ ಅಂಗಡಿ, ಹಿಂದಿನ ಕೋಣೆಯಲ್ಲಿ ಸಂಸಾರ. ಆಗೆಲ್ಲ ದೊಡ್ಡ ಮರದ ಪೆಟ್ಟಿಗೆಯ ವಾಲ್ವ್ ಸೆಟ್ಟುಗಳು, ವಾಲ್ವ್ ಅಂದರೆ ಒಳಗಿನ ಗಾಜಿನ ಬುರುಡೆ. ಹಾಕಿದ ಮೇಲೆ ಬಿಸಿಯಾಗಲು ಒಂದು ಗಳಿಗೆ ಬೇಕು, ಆಮೇಲೆ ಮಾತು. ಮನೆಯವರು ಕೆಲಸ ಕಲಿತದ್ದು ಒಬ್ಬ ತಮಿಳು ಮೇಸ್ತ್ರಿಯ ಹತ್ತಿರ. ಮಾತು ಕಡಿಮೆ, ಸಿಟ್ಟು ಜಾಸ್ತಿ, ಕೆಲಸ ಚೊಕ್ಕ. ಬೇರೆ ಏನು ಹೇಳಿದರೂ ಅದು ಸೇರಿಸಿ ಹೇಳಿದ ಹಾಗಾಗುತ್ತದೆ.

ಸುಟ್ಟುಹೋದ ಟ್ರಾನ್ಸ್‌ಫಾರ್ಮರ್ ಬಂದರೆ ಹೊಸದು ತರಿಸುವ ಕಾಲವಲ್ಲ ಅದು. ಹಳೆಯ ತಂತಿ ಬಿಚ್ಚಿ ಹೊಸ ತಂತಿ ಸುತ್ತಬೇಕು. ಆ ಸುತ್ತುವ ಕೆಲಸ ನನ್ನದು. ಕೂದಲಿನಂಥ ತಾಮ್ರದ ತಂತಿ, ಸಾವಿರಗಟ್ಟಲೆ ಸುತ್ತು. ಕೈಯಲ್ಲಿ ತಿರುಗಿಸುವ ಮರದ ಯಂತ್ರ ಒಂದಿತ್ತು. ಎಣಿಕೆಗೆ ಹುಣಸೆ ಬೀಜ. ನೂರು ಸುತ್ತಾದರೆ ಒಂದು ಬೀಜ ಎಡಗಡೆಯ ತಟ್ಟೆಯಿಂದ ಬಲಗಡೆಯ ತಟ್ಟೆಗೆ. ಅನ್ನ ಉಕ್ಕಿದರೂ ಮಗು ಅತ್ತರೂ ನಡುವೆ ಏಳುವ ಹಾಗಿಲ್ಲ. ಎದ್ದರೆ ಎಣಿಕೆ ಹೋಯಿತು. ನಮ್ಮ ಮಗಳು ಎಷ್ಟೋ ಸಲ ಅತ್ತು ಅತ್ತು ತಾನೇ ಸುಮ್ಮನಾಗಿದ್ದಾಳೆ. ಅದರಿಂದ ಅವಳಿಗೆ ಏನೂ ಕೆಟ್ಟದ್ದಾಗಿಲ್ಲ.

ಕೊನೆಯಲ್ಲಿ ಎಲ್ಲಕ್ಕೂ ಮೇಲೆ ಒಂದಿಷ್ಟು ದಪ್ಪ ತಂತಿಯ ಸುತ್ತು ಬರುತ್ತದೆ. ಸುತ್ತು ಕಡಿಮೆ, ಮೂವತ್ತರ ಆಸುಪಾಸು. ವಾಲ್ವುಗಳ ಒಳಗೆ ಕೆಂಪಗೆ ಕಾಯುವ ಎಳೆ ಇರುತ್ತದಲ್ಲ, ಅದಕ್ಕೂ ಡಯಲ್ಲಿನ ಪುಟ್ಟ ದೀಪಕ್ಕೂ ಕರೆಂಟು ಹೋಗುವುದು ಅಲ್ಲಿಂದ. ಅದನ್ನು ಅವರು ನನಗೆ ಕೊಡುತ್ತಿರಲಿಲ್ಲ, ತಾವೇ ಸುತ್ತುತ್ತಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಗಂಡಸು ತನ್ನದೂ ಒಂದಿರಲಿ ಎಂದು ಇಟ್ಟುಕೊಂಡಿದ್ದಾನೆ ಅಂದುಕೊಂಡಿದ್ದೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನಾನು ಹುಟ್ಟಿದ್ದು ಕಣದಲ್ಲಿ ಕೂಲಿ ಮಾಡುವವರ ಮನೆಯಲ್ಲಿ. ನಮ್ಮಮ್ಮ ಭತ್ತ ಅಳೆದರೆ ಮೊದಲ ಕೊಳಗಕ್ಕೆ ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದಳು. ಎಲ್ಲ ಅಳೆದು ಮುಗಿದ ಮೇಲೆ ಒಂದು ಬೊಗಸೆ ಮೇಲಕ್ಕೆ ಹಾಕುತ್ತಿದ್ದಳು. ಅದು ಕೊಸರು. ಕೊಸರು ಲೆಕ್ಕಕ್ಕೆ ಸೇರುವುದಿಲ್ಲ. ಹತ್ತು ಕೊಳಗಕ್ಕೆ ಕೊಸರು ಹಾಕಿದರೂ ಅದು ಹತ್ತೇ ಕೊಳಗ. ಹಾಕದೆ ಇದ್ದರೆ ಅಳೆದವಳ ಕೈ ಒಣಗುತ್ತದೆ ಅನ್ನುತ್ತಿದ್ದಳು. ನಾನು ತಂತಿ ಸುತ್ತುವಾಗಲೂ ಎಣಿಕೆ ಮುಗಿದ ಮೇಲೆ ಐದು ಸುತ್ತು ಕೊಸರು ಹಾಕುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ. ಕೈಗೆ ಬಂದಿತ್ತು. ಸಾವಿರದಲ್ಲಿ ಐದು ಹೆಚ್ಚಾದರೆ ಏನೂ ಆಗುವುದಿಲ್ಲ, ಆಗಲೂ ಇಲ್ಲ.

ಇನ್ನು ಆ ರೇಡಿಯೋ. ಊರಿನ ಒಂದು ಅಕ್ಕಿ ಗಿರಣಿಯ ಸಾಹುಕಾರರದು. ಹೊಳೆಯುವ ಮರ, ಮುಂದೆ ಬಂಗಾರದ ಬಣ್ಣದ ಬಟ್ಟೆ, ದಂತದ ಬಣ್ಣದ ಗುಂಡಿಗಳು. ಸಾಹುಕಾರರು ಅದನ್ನು ಜರ್ಮನಿ ರೇಡಿಯೋ ಎಂದು ಕರೆಯುತ್ತಿದ್ದರು. ಗಿರಣಿಗೆ ಬಂದವರಿಗೆಲ್ಲ ಒಂದು ಸಲ ತೋರಿಸಿಯೇ ಭತ್ತ ತೂಗುತ್ತಿದ್ದರು. ಗೊರಗೊರ ಅನ್ನುತ್ತದೆ ಎಂದು ಒಂದು ದಿನ ಮನೆಯವರನ್ನು ಕರೆಸಿದರು. ಅವರು ಹಿಂದಿನ ರಟ್ಟು ಬಿಚ್ಚಿ, ಅದರ ಮೇಲಿದ್ದ ಇಂಗ್ಲಿಷನ್ನು ಬೆರಳಿಟ್ಟು ಓದಿ, ಹತ್ತು ಜನರ ಎದುರಿಗೆ ಅಂದರಂತೆ: "ಸಾಹುಕಾರ್ರೆ, ಇದು ಜರ್ಮನಿದಲ್ಲ. ಬೊಂಬಾಯಿ ಕಡೆ ಮಾಡಿದ್ದು. ಜರ್ಮನಿಯವ್ರು ಹಿಂಗೆ ಮಾಡ್ಕೊಳ್ಳಿ ಅಂತ ಲೈಸೆನ್ಸ್ ಕೊಟ್ಟಿದಾರೆ, ಅಷ್ಟೆ."

ಮೂಟೆ ಹೊರುವವರು ನಕ್ಕರಂತೆ. ಸಾಹುಕಾರರು ನಗಲಿಲ್ಲ. ಮನೆಗೆ ಬಂದು ಇದನ್ನು ಹೇಳಿದಾಗ ನಾನು ಬೈದೆ.

"ನಿಮ್ಗೆ ಯಾಕೆ ಬೇಕಿತ್ತು? ಜರ್ಮನಿ ಅಂದ್ರೆ ಜರ್ಮನಿ ಅಂತ ಬಿಡ್ಬೇಕು."

"ಬರ್ದಿದ್ದನ್ನ ಓದ್ದೆ ಕಣೇ."

"ಓದೋಕೆ ಬರ್ತದೆ ಅಂತ ಎಲ್ಲಾ ಓದ್ಬಾರ್ದು."

ಅದಾದ ಮೇಲೆ ಒಂದು ದಿನ ಆ ರೇಡಿಯೋದ ಟ್ರಾನ್ಸ್‌ಫಾರ್ಮರ್ ಹೊಗೆ ಕಾರಿತು. ಬೇರೆ ಗತಿಯಿಲ್ಲದೆ ಸಾಹುಕಾರರು ಸೆಟ್ಟನ್ನು ಗಾಡಿಯಲ್ಲಿ ನಮ್ಮ ಅಂಗಡಿಗೆ ಕಳಿಸಿದರು. ದಸರೆಗೆ ನೆಂಟರು ಬರುತ್ತಾರೆ, ಅಷ್ಟರಲ್ಲಿ ಆಗಬೇಕು ಎಂಬ ಮಾತು. ಮನೆಯವರು ಹಳೆಯ ತಂತಿ ಬಿಚ್ಚಿ ಎಣಿಸಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟರು. ಸಣ್ಣ ತಂತಿ ನಾನು ಸುತ್ತಿ ಮುಗಿಸಿದೆ. ಮಾರನೇ ದಿನ ಬಚ್ಚಲ ಹಂಡೆ ಇಳಿಸುವಾಗ ಅವರ ಬಲಗೈ ಮೇಲೆ ಬಿಸಿನೀರು ಬಿತ್ತು. ಕೈ ತುಂಬ ಬೊಕ್ಕೆ. ಬಾಳೆ ಎಲೆ ಸುತ್ತಿಕೊಂಡು ಕೂತರು.

"ದಪ್ಪದ್ದೂ ನೀನೇ ಸುತ್ತು. ಮೂವತ್ತೆರಡು. ಬಿಗಿಯಾಗಿ."

ಸುತ್ತಿದೆ. ಮೂವತ್ತೆರಡು ಎಣಿಸಿದೆ. ಮೇಲೆ ಐದು ಕೊಸರು. ತುದಿಯನ್ನು ನನ್ನ ಹಳೆ ಸೀರೆಯ ಸೆರಗಿನಿಂದ ಕಿತ್ತ ಕೆಂಪು ನೂಲಿನಿಂದ ಕಟ್ಟಿದೆ. ಕೈಗೆ ಸಿಕ್ಕಿದ್ದು ಅದೇ. ಬೆಸುಗೆಯನ್ನು ಅವರು ಎಡಗೈಯಲ್ಲಿ ಹೇಗೋ ಹಾಕಿದರು. ಕರೆಂಟು ಅಳೆಯುವ ಮೀಟರ್ ಇತ್ತು, ಆದರೆ ಅದರ ಮುಳ್ಳು ಸಿಕ್ಕಿಕೊಂಡು ಆರು ತಿಂಗಳಾಗಿತ್ತು. ಹಾಕಿ ನೋಡಿದರೆ ಡಯಲ್ಲಿನ ದೀಪ ಝಗ್ ಎಂದಿತು. ಅಷ್ಟು ಬೆಳಕನ್ನು ನಾವು ಯಾವ ಸೆಟ್ಟಿನಲ್ಲೂ ನೋಡಿರಲಿಲ್ಲ. ದನಿಯೂ ಗಟ್ಟಿ. ದಸರೆಗೆ ಬಂದ ನೆಂಟರು, ರಿಪೇರಿಯಾದ ಮೇಲೆ ಹೊಸದರ ಹಾಗೆ ಆಗಿದೆ ಅಂದರಂತೆ. ಆ ಮಾತು ಕೇಳಿ ನಾನು ಒಳಗೊಳಗೇ ಹಿಗ್ಗಿದ್ದು ನಿಜ.

ನಾಲ್ಕು ತಿಂಗಳಿಗೆ ವಾಲ್ವುಗಳು ಒಂದೊಂದೇ ಸತ್ತವು. ಸಾಹುಕಾರರು ಈ ಸಲ ನಮ್ಮಲ್ಲಿಗೆ ಕಳಿಸಲಿಲ್ಲ, ಶಿವಮೊಗ್ಗದ ಯಾರಿಗೋ ತೋರಿಸಿದರು. ಒಂದು ಹೊಸದನ್ನು ಹಾಕಿಕೊಟ್ಟು, ಉಳಿದವು ಹಳೇ ವಾಲ್ವು, ಒಳ್ಳೇವನ್ನ ಯಾರೋ ತಕ್ಕೊಂಡು ಸೋತಿದ್ದನ್ನ ಹಾಕಿದಾರೆ ಅಂದನಂತೆ ಅವನು. ಅಷ್ಟು ಸಾಕಾಯಿತು. ಸಾಹುಕಾರರು ಅಂಗಡಿ ಬಾಗಿಲಿಗೆ ಬಂದು ನಿಂತರು. ಪಕ್ಕದ ಸೈಕಲ್ ಶಾಪಿನವನೂ ಹೋಟೆಲಿನವರೂ ಎದ್ದು ಬಂದರು.

"ಜರ್ಮನಿದಲ್ಲ ಅಂತ ಅವತ್ತೇ ಹೇಳಿದ್ಯಲ್ಲ. ಜರ್ಮನಿ ವಾಲ್ವ್ ಕದೀಬೇಕು ಅಂತಾನೇ ಹಂಗೆ ಹೇಳ್ದೆ, ಅಲ್ವೇನಯ್ಯ?"

"ಅದ್ರಲ್ಲಿ ಜರ್ಮನಿ ವಾಲ್ವೇ ಇರ್ಲಿಲ್ಲ ಸಾಹುಕಾರ್ರೆ. ವಾಲ್ವೂ ಇಲ್ಲೇ ಲೈಸೆನ್ಸ್ ಮೇಲೆ ಮಾಡಿದ್ದೇ. ಅದ್ರ ಮೇಲೇ ಬರ್ದಿದೆ."

"ಕಳ್ಳನಿಗೆ ಓದೋಕೆ ಬೇರೆ ಬರ್ತದೆ."

ಎಲ್ಲರೂ ನಕ್ಕರು. ಹೋದ ಸಲ ಇವರ ಮಾತಿಗೆ ನಕ್ಕ ಊರು ಈ ಸಲ ಅವರ ಮಾತಿಗೆ ನಕ್ಕಿತು.

ಅವತ್ತು ಸಂಜೆ ಮನೆಯವರು ಊಟಕ್ಕೆ ಕೂತು ಒಂದೇ ಒಂದು ಪ್ರಶ್ನೆ ಕೇಳಿದರು.

"ಅವತ್ತು ನೀನು ದಪ್ಪ ತಂತಿ ಮೂವತ್ತೆರಡೇ ತಾನೆ ಸುತ್ತಿದ್ದು?"

"ಹೂಂ. ಮೂವತ್ತೆರಡು."

"ಸರಿಯಾಗಿ?"

"ನಂಗೆ ಎಣಿಸೋಕೆ ಬರಲ್ವಾ?"

ನಾನು ಸುಳ್ಳು ಹೇಳಲಿಲ್ಲ. ಕೊಸರು ಲೆಕ್ಕಕ್ಕೆ ಸೇರುವುದಿಲ್ಲ. ಅದರ ನೆನಪೂ ಬರಲಿಲ್ಲ. ಅವರು ಮತ್ತೆ ಕೇಳಲಿಲ್ಲ.

ಆಮೇಲೆ ಅಂಗಡಿಗೆ ಸೆಟ್ಟು ಬರುವುದು ನಿಂತಿತು. ಕಳ್ಳನ ಕೈಗೆ ಯಾರು ಪೆಟ್ಟಿಗೆ ಕೊಡುತ್ತಾರೆ? ಒಂದು ವರ್ಷ ನೋಡಿ ಬಾಗಿಲು ಹಾಕಿದೆವು. ಅವರು ಕೂಲಿಗೆ ಹೋದರು, ಲಾರಿಗೆ ಕಬ್ಬಿಣ ತುಂಬುವ ಕೆಲಸ. ಬೆಸುಗೆ ಹಾಕುತ್ತಿದ್ದ ಬೆರಳುಗಳು ಕೊರಡಾದವು. ಸಾಹುಕಾರರು ಕೈಯಲ್ಲಿ ಹಿಡಿದು ಓಡಾಡುವ ಟ್ರಾನ್ಸಿಸ್ಟರ್ ಕೊಂಡರು, ಆ ದೊಡ್ಡ ಸೆಟ್ಟು ಅಟ್ಟ ಸೇರಿತು. ಮನೆಯವರು ಕದ್ದಿಲ್ಲ ಎಂದು ನನಗೆ ಖಾತ್ರಿ ಇತ್ತೇ ಎಂದು ಯಾರಾದರೂ ಕೇಳಿದರೆ, ಇರಲಿಲ್ಲ ಎಂದೇ ಹೇಳಬೇಕು. ಅಂಗಡಿಯ ಡಬ್ಬದಲ್ಲಿ ಹತ್ತಾರು ಹಳೆ ವಾಲ್ವು ಬಿದ್ದಿರುತ್ತಿದ್ದವು. ಯಾವುದು ಯಾರದು ಎಂದು ನನಗೇನು ಗೊತ್ತು? ನಲವತ್ತು ವರ್ಷ ಸಂಸಾರ ಮಾಡಿದೆ. ಒಂದು ದಿನವೂ ನೇರವಾಗಿ ಕೇಳಲಿಲ್ಲ. ಹೌದು ಅಂದುಬಿಟ್ಟರೆ ಆಮೇಲೆ ಆ ಮಾತನ್ನು ಎಲ್ಲಿಡಲಿ ಎಂಬ ಭಯ.

ಅವರು ಹೋದ ಮೇಲೆ ನಾನು ಶಿವಮೊಗ್ಗದ ಆಲ್ಕೊಳಕ್ಕೆ ಮಗಳ ಮನೆಗೆ ಬಂದೆ. ಅವಳ ಮನೆಯ ಹಿಂದಿನ ಬೀದಿಯಲ್ಲಿ ಒಬ್ಬರು ರಿಟೈರಾದ ಮೇಷ್ಟ್ರು ಇದ್ದಾರೆ. ಮನೆಯ ಒಂದು ಕೋಣೆ ತುಂಬ ಹಳೆಯ ರೇಡಿಯೋ. ಹೋದ ವರ್ಷ ಮಗಳು ಅಂದಳು, "ಅಮ್ಮಾ, ನೀನು ತಂತಿ ಸುತ್ತಿದವಳಲ್ವಾ, ಬಾ ನೋಡ್ಕೊಂಡು ಬರಣ." ಮನೆಯಲ್ಲಿ ಕೂತು ಸೋಗಾನೆಗೆ ಇಳಿಯುವ ವಿಮಾನ ಎಣಿಸುವುದಕ್ಕಿಂತ ಮೇಲು ಎಂದು ಹೋದೆ.

ಮೇಷ್ಟ್ರದು ವಿಚಿತ್ರ ಚಟ. ಅವರು ಸೇರಿಸುವುದು ಲೈಸೆನ್ಸ್ ಸೆಟ್ಟು ಮಾತ್ರ. ಹೆಸರು ಒಂದು ದೇಶದ್ದು, ಮಾಡಿದ್ದು ಇನ್ನೊಂದು ದೇಶದಲ್ಲಿ. ಹಾಲೆಂಡಿನ ಹೆಸರು, ಆಸ್ಟ್ರೇಲಿಯಾದಲ್ಲಿ ಮಾಡಿದ್ದು. ಇಂಗ್ಲೆಂಡಿನ ಹೆಸರು, ಕಲ್ಕತ್ತದಲ್ಲಿ ಮಾಡಿದ್ದು. ಪ್ರತಿಯೊಂದರ ಮುಂದೆ ಒಂದು ಬಿಳಿ ರಟ್ಟು, ಅದರಲ್ಲಿ ಆ ಸೆಟ್ಟಿನ ಕಥೆ. ಶಂಕರಘಟ್ಟದ ಕಾಲೇಜು ಮಕ್ಕಳಿಗೆ ತೋರಿಸಲು ಎಲ್ಲವನ್ನೂ ಒಯ್ಯುವವರಿದ್ದರು.

"ಲೈಸೆನ್ಸ್ ಅಂದ್ರೆ ಬರೀ ಹೆಸರಲ್ಲಮ್ಮ," ಅಂದರು. "ನಕ್ಷೆ ಅಲ್ಲಿಂದ ಬರ್ತಿತ್ತು. ತಂತಿ ಎಷ್ಟು ದಪ್ಪ, ಎಷ್ಟು ಸುತ್ತು, ಬಟ್ಟೆ ಯಾವ ಬಣ್ಣ, ಎಲ್ಲಾ ಬರ್ದು ಕಳಿಸ್ತಿದ್ರು. ಇಲ್ಲಿಯವ್ರು ಒಂದು ಎಳೆ ಆಚೆ ಈಚೆ ಮಾಡೋ ಹಾಗಿಲ್ಲ."

"ಮತ್ತೆ ಇದು ಯಾರದ್ದು ಅಂತೀರಿ? ನಕ್ಷೆ ಕೊಟ್ಟವ್ರದ್ದಾ, ಕೈ ಹಾಕಿದವ್ರದ್ದಾ?"

"ಅದೇ ನನ್ಗೂ ಗೊತ್ತಾಗಿಲ್ಲ. ಅದ್ಕೇ ಸೇರಿಸ್ತಿದೀನಿ."

ಆ ಮನುಷ್ಯ ಸುಳ್ಳಾಡುವವನಲ್ಲ ಅನ್ನಿಸಿತು. ಅಷ್ಟರಲ್ಲಿ ಮೂಲೆಯ ಮೇಜಿನ ಮೇಲೆ ನೋಡಿದೆ. ಬಂಗಾರದ ಬಣ್ಣದ ಬಟ್ಟೆ ಮಾಸಿತ್ತು. ಎಡಗಡೆ ಅಂಚಿನಲ್ಲಿ ಊದುಬತ್ತಿ ತಾಗಿ ಸುಟ್ಟ ಕಪ್ಪು ಗುರುತು ಹಾಗೇ ಇತ್ತು. ಆಯುಧಪೂಜೆಗೆ ಸಾಹುಕಾರರ ಹೆಂಡತಿ ಸಿಕ್ಕಿಸಿದ್ದು, ನಮ್ಮ ಅಂಗಡಿಗೆ ಬಂದಾಗಲೂ ಇತ್ತು. ಅದರ ಮುಂದಿನ ರಟ್ಟನ್ನು ಅಕ್ಷರ ಕೂಡಿಸಿ ಓದಿದೆ. ಹೊತ್ತು ಹಿಡಿಯಿತು. "ಜರ್ಮನ್ ಪರವಾನಗಿಯಲ್ಲಿ ಭಾರತದಲ್ಲಿ ತಯಾರಾದದ್ದು. ಮೂಲ ವಾಲ್ವುಗಳನ್ನು ಭದ್ರಾವತಿಯ ಒಬ್ಬ ಕಳ್ಳ ರಿಪೇರಿಯವನು ಬದಲಿಸಿದ್ದಾನೆ."

"ಇದನ್ನ ಯಾರು ಹೇಳಿದ್ದು ನಿಮ್ಗೆ?" ಅಂದೆ.

"ಸೆಟ್ಟು ಕೊಟ್ಟೋರು. ಭದ್ರಾವತಿಯಲ್ಲಿ ಗಿರಣಿ ಇತ್ತಂತೆ, ಅವ್ರ ಮಗ. ಯಾಕಮ್ಮ?"

"ಆ ಕಳ್ಳ ನನ್ನ ಗಂಡ."

ಮಗಳು ನನ್ನ ಮೊಣಕೈ ಹಿಡಿದು ಎಳೆದಳು. ಮೇಷ್ಟ್ರು ಕನ್ನಡಕ ತೆಗೆದರು, ಹಾಕಿಕೊಂಡರು.

"ನಂಗೂ ಗೊತ್ತಿಲ್ಲ ಮೇಷ್ಟ್ರೆ, ಕದ್ರೋ ಇಲ್ವೋ ಅಂತ," ಅಂದೆ. "ನೀವು ತಿಳಿದವ್ರು. ಬಿಚ್ಚಿ ನೋಡಿ. ಕದ್ದಿದ್ರೆ ರಟ್ಟು ಇರ್ಲಿ. ಇಲ್ದಿದ್ರೆ ತೆಗೀರಿ."

ಅದನ್ನು ಹೇಳುವಾಗ ಧೈರ್ಯವಾಗಿ ಹೇಳಿದೆ. ಅವರು ಹಿಂದಿನ ರಟ್ಟಿನ ಸ್ಕ್ರೂ ಬಿಚ್ಚುವಾಗ ಕುರ್ಚಿ ಕೇಳಿ ಕೂತೆ.

ಸತ್ತ ವಾಲ್ವುಗಳನ್ನು ಮೇಷ್ಟ್ರು ಆಗಲೇ ಬದಲಿಸಿದ್ದರಂತೆ, ಆದರೆ ಕರೆಂಟು ಕೊಟ್ಟು ನೋಡಿರಲಿಲ್ಲ. ಹಳೆಯವು ಒಂದು ಡಬ್ಬದಲ್ಲಿದ್ದವು. ಭೂತಗನ್ನಡಿ ಹಿಡಿದು ನೋಡಿದರು. ಶಿವಮೊಗ್ಗದವನು ಆಗ ಹೊಸದಾಗಿ ಹಾಕಿದ್ದ ಒಂದು ಬೇರೆ ತರದ್ದು. ಉಳಿದವೆಲ್ಲ ಒಂದೇ ಕಾರ್ಖಾನೆಯವು. ಸೆಟ್ಟಿನ ತಳದಲ್ಲಿ ಬರೆದ ಗುರುತೇ ಅವುಗಳ ಮೇಲೂ ಇತ್ತು.

"ಇವು ಮೂಲದವೇ," ಅಂದರು ಮೆಲ್ಲಗೆ. "ಬದಲಿಸಿಲ್ಲ. ಆದ್ರೆ ಶಿವಮೊಗ್ಗದವನು ಹಾಕಿದ ಹೊಸದೂ ಸತ್ತಿದೆ. ಎಲ್ಲವೂ ಯಾಕೆ ಸುಟ್ವು?"

ಮೇಜಿನಡಿ ಇದ್ದ ಪೆಟ್ಟಿಗೆಯಿಂದ ಸ್ವಲ್ಪ ಸ್ವಲ್ಪವೇ ಕರೆಂಟು ಏರಿಸುತ್ತ ಬಂದರು. ಡಯಲ್ಲಿನ ದೀಪ ಝಗ್ ಎಂದಿತು. ಐವತ್ತು ವರ್ಷದ ಹಿಂದಿನದೇ ಬೆಳಕು. "ಇಷ್ಟು ಉರೀಬಾರ್ದಲ್ಲ," ಎಂದು ಅವರು ಮೀಟರ್ ಹಿಡಿದರು. "ಆರು ಚಿಲ್ರೆ ವೋಲ್ಟ್ ಬರ್ಬೇಕು, ಏಳು ದಾಟಿದೆ. ಹಿಂಗೆ ಕಾದ್ರೆ ಯಾವ ವಾಲ್ವೂ ಉಳಿಯಲ್ಲ. ಸುತ್ತಿದವ್ರು ಯಾರೋ ಐದಾರು ಸುತ್ತು ಜಾಸ್ತಿ ಸುತ್ತಿಬಿಟ್ಟಿದಾರೆ."

ನಾನು ಎದ್ದು ಹೋಗಿ ಬಗ್ಗಿ ನೋಡಿದೆ. ಟ್ರಾನ್ಸ್‌ಫಾರ್ಮರಿನ ಮೇಲೆ ಕೆಂಪು ನೂಲು ಕಂದು ಬಣ್ಣಕ್ಕೆ ತಿರುಗಿತ್ತು, ಗಂಟು ಮಾತ್ರ ಗಟ್ಟಿಯಾಗಿತ್ತು.

"ಆರಲ್ಲ. ಐದು," ಅಂದೆ.

ಮಗಳಿಗೆ ಅರ್ಥವಾಗಲಿಲ್ಲ. ಮೇಷ್ಟ್ರಿಗೂ ಆಗಲಿಲ್ಲ. ಕಣ, ಕೊಳಗ, ನಮ್ಮಮ್ಮ, ಹುಣಸೆ ಬೀಜ, ಎಲ್ಲ ಹೇಳಬೇಕಾಯಿತು. ಮೂವತ್ತೆರಡು ಸುತ್ತಿಗೆ ಐದು ಸೇರಿಸುವುದು ಸಾವಿರಕ್ಕೆ ಐದು ಸೇರಿಸಿದ ಹಾಗಲ್ಲ ಎಂದು ಮೇಷ್ಟ್ರು ನನಗೆ ಹೇಳಿದರು. ಅವರು ಹೇಳುವ ಮೊದಲೇ ನನಗೆ ತಿಳಿದಿತ್ತು. ಕೊಳಗಕ್ಕೆ ಬೊಗಸೆ ಕೊಸರು. ಪುಟ್ಟ ಪಾವಿಗೂ ಬೊಗಸೆ ಹಾಕಿದರೆ ಅದು ಕೊಸರಲ್ಲ, ಅಳತೆಯೇ ಬೇರೆ. ದಪ್ಪ ತಂತಿಯನ್ನು ಮನೆಯವರು ನನಗೆ ಯಾಕೆ ಕೊಡುತ್ತಿರಲಿಲ್ಲ ಎಂಬುದು ಆ ಕುರ್ಚಿಯ ಮೇಲೆ ಗೊತ್ತಾಯಿತು. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತಪ್ಪು ಇಬ್ಬರದೂ ಹೌದು, ಹೆಚ್ಚಿನ ಪಾಲು ನನ್ನದು. ಅದರ ಕೆಟ್ಟ ಹೆಸರು ಅವರ ತಲೆಗೆ ಬಂತು.

ಅವರಿಗೆ ಗೊತ್ತಾಗಿತ್ತೇ? ಅವತ್ತು ಆ ಪ್ರಶ್ನೆ ಕೇಳಿದರು ಎಂದರೆ ಅನುಮಾನ ಇತ್ತು. ನಾನು ಮೂವತ್ತೆರಡು ಅಂದೆ, ನಂಬಿದರು. ಅಥವಾ ನಂಬದೆ ಸುಮ್ಮನಾದರು. ಗೊತ್ತಿದ್ದೂ ನನ್ನನ್ನು ಬಿಟ್ಟುಕೊಡಲಿಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನನಗೆ ಗೊತ್ತಿಲ್ಲದ್ದನ್ನು ನಾನು ಬರೆಯುವುದಿಲ್ಲ. ಒಂದು ಮಾತ್ರ ಗೊತ್ತು. ನಲವತ್ತು ವರ್ಷ ನಾನು ಆ ಮನುಷ್ಯನ ಮೇಲೆ ಅರ್ಧ ಅನುಮಾನ ಇಟ್ಟುಕೊಂಡೇ ಅನ್ನ ಬಡಿಸಿದೆ.

ಮೇಷ್ಟ್ರು ಸಾಹುಕಾರರ ಮಗನಿಗೆ ನನ್ನೆದುರಿಗೇ ಫೋನ್ ಮಾಡಿದರು. ಗಟ್ಟಿಯಾಗಿ ಕೇಳುವ ಹಾಗೆ ಇಟ್ಟರು. ಆ ಮಗನಿಗೂ ಈಗ ವಯಸ್ಸಾಗಿದೆ.

"ಹೌದಾ? ಛೇ. ಇರ್ಲಿ ಬಿಡಿ, ಅಪ್ಪ ಹೋಗಿ ಎಷ್ಟೋ ವರ್ಷ ಆಯ್ತು. ಈಗ್ಯಾಕೆ ಅದೆಲ್ಲ?"

"ನಮ್ಮವ್ರೂ ಹೋಗಿದಾರಪ್ಪ," ಎಂದು ನಾನು ಫೋನಿನ ಹತ್ತಿರ ಬಗ್ಗಿ ಅಂದೆ. "ಅವ್ರು ಬಂದು ಹೇಳೋಕಾಗಲ್ಲ. ಅದ್ಕೇ ನಾನು ಹೇಳ್ತಿರೋದು. ನಿಮ್ಮ ಮನೇಲಿ ಇನ್ನು ಈ ಕಥೆ ಹೇಳೋವಾಗ ಸರಿಯಾಗಿ ಹೇಳಿ. ಕದ್ದಿಲ್ಲ. ಹೆಂಡ್ತಿ ಕೊಸರು ಹಾಕಿದ್ಲು."

ಆ ಕಡೆಯಿಂದ "ಆಯ್ತಮ್ಮ," ಅಂದರು. ಅದಕ್ಕಿಂತ ಹೆಚ್ಚು ನನಗೂ ಬೇಕಿರಲಿಲ್ಲ.

"ಈ ಐದು ಸುತ್ತು ಬಿಚ್ಚಿದ್ರೆ ಸೆಟ್ಟು ಸರಿಯಾಗ್ತದೆ," ಅಂದರು ಮೇಷ್ಟ್ರು. "ನಾನೇ ಬಿಚ್ಲಾ?"

"ಕಟ್ಟಿದವ್ಳು ಇಲ್ಲೇ ಇದೀನಲ್ಲ."

ಅವರು ಪ್ಲಗ್ಗು ಕಿತ್ತು, ಬೆಸುಗೆ ಬಿಡಿಸಿ ತುದಿ ಕೈಗೆ ಕೊಟ್ಟರು. ನೂಲಿನ ಗಂಟು ಉಗುರಿಗೆ ಬಗ್ಗಲಿಲ್ಲ, ಬ್ಲೇಡಿನಿಂದ ಕೊಯ್ದೆ. ತಂತಿ ಐವತ್ತು ವರ್ಷ ಒಂದೇ ಭಂಗಿಯಲ್ಲಿ ಕೂತು ಗಡುಸಾಗಿತ್ತು. ಒಂದೊಂದು ಸುತ್ತನ್ನೂ ಕಿಂಡಿಯಿಂದ ತೂರಿಸಿ ಹೊರಗೆ ತೆಗೆಯಬೇಕು. ಬಾಯಿಗೆ ಅಭ್ಯಾಸಬಲದಿಂದ ಲಾಭ ಎಂದೇ ಬಂತು. ತಡೆದು, ಒಂದು ಎಂದು ಎಣಿಸಿದೆ. ಎರಡು. ಮೂರು. ನಾಲ್ಕು. ಐದು. ಅಲ್ಲಿಗೆ ನಿಲ್ಲಿಸಿದೆ. ಮೇಷ್ಟ್ರು ಬೆಸುಗೆ ಹಾಕಿ ಮತ್ತೆ ಮೀಟರ್ ಹಿಡಿದರು. ತಲೆ ಆಡಿಸಿದರು. ದೀಪ ಮಂಕಾಗಿ, ಇರಬೇಕಾದಷ್ಟೇ ಉರಿಯಿತು. ಒಂದು ಗಳಿಗೆ ಕಾದ ಮೇಲೆ ಮಾತು ಬಂತು. ಯಾರೋ ಅಡಿಕೆಯ ಕೊಳೆರೋಗಕ್ಕೆ ಯಾವ ಔಷಧಿ ಹೊಡೆಯಬೇಕೆಂದು ಹೇಳುತ್ತಿದ್ದರು. ನಮಗೆ ಅಡಿಕೆಯೂ ಇಲ್ಲ, ರೋಗವೂ ಇಲ್ಲ. ಆದರೂ ಮುಗಿಯುವ ತನಕ ಕೇಳಿದೆವು.

ಹೊಸ ರಟ್ಟಿಗೆ ಏನು ಬರೆಯಲಿ ಎಂದು ಮೇಷ್ಟ್ರು ಕೇಳಿದರು. ನಾನು ಹೇಳಿದಂತೆ ಬರೆದುಕೊಂಡರು. "ನಿಮ್ಮ ಹೆಸ್ರು ಹಾಕ್ಲಾ?" ಅಂದರು. ಬೇಡ ಅಂದೆ. ಕಳ್ಳ ಎಂದು ಬರೆದಾಗ ಅವರ ಹೆಸರು ಹಾಕಿರಲಿಲ್ಲ, ಈಗ ನನ್ನದು ಯಾಕೆ?

ಬಿಚ್ಚಿದ ತಂತಿ ಒಂದು ಮೊಳದ ಮೇಲೆ ಸ್ವಲ್ಪ ಇತ್ತು. ಅದನ್ನು ಮಗಳು ಜೋಪಾನವಾಗಿ ಇಡುತ್ತೇನೆ ಅಂದಳು. ಅವಳಿಗೆ ಬಿಡಲಿಲ್ಲ. ಬಚ್ಚಲ ಬಾಗಿಲಿನ ಚಿಲಕ ಸಡಿಲವಾಗಿತ್ತು, ಅದಕ್ಕೆ ಸುತ್ತಿದೆ. ಈಗ ಅಲ್ಲಾಡುವುದಿಲ್ಲ.

ಪ್ರದರ್ಶನದ ದಿನ ಮಗಳ ಜೊತೆ ಬಸ್ಸಿನಲ್ಲಿ ಶಂಕರಘಟ್ಟಕ್ಕೆ ಹೋದೆ. ಮಕ್ಕಳು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಮುಂದೆ ಹೋಗುತ್ತಿದ್ದರು. ಒಬ್ಬ ಹುಡುಗಿ ಮಾತ್ರ ನಿಂತು ರಟ್ಟು ಓದಿದಳು.

"ಅಜ್ಜಿ, ಕೊಸರು ಅಂದ್ರೆ ಏನು?"

"ಸಂತೇಲಿ ಸೊಪ್ಪು ತಗೊಳ್ವಾಗ ಮೇಲೊಂದು ಕಡ್ಡಿ ಕೇಳಲ್ವಾ, ಅದು."

"ಅದು ಒಳ್ಳೇದೇ ಅಲ್ವಾ?"

"ಸೊಪ್ಪಿಗೆ ಒಳ್ಳೇದು."

ಅವಳು ನಕ್ಕು ಹೋದಳು. ನಾನು ರಟ್ಟಿನ ಹತ್ತಿರ ಹೋಗಿ ಬೆರಳಿಟ್ಟು ಓದಿದೆ. ಜರ್ಮನ್ ಪರವಾನಗಿಯಲ್ಲಿ ಭಾರತದಲ್ಲಿ ತಯಾರಾದದ್ದು. ಭದ್ರಾವತಿಯಲ್ಲಿ ರಿಪೇರಿಯಾದದ್ದು. ಸುತ್ತಿದ ಹೆಂಗಸು ಐದು ಸುತ್ತು ಕೊಸರು ಹಾಕಿದ್ದರಿಂದ ವಾಲ್ವುಗಳು ಸುಟ್ಟವು. ರಿಪೇರಿಯವನು ಏನನ್ನೂ ತೆಗೆದುಕೊಂಡಿರಲಿಲ್ಲ.

ಎರಡನೇ ಸಲವೂ ಓದಿದೆ. ಆಮೇಲೆ ಮಗಳಿಗೆ, ಬಸ್ಸಿಗೆ ಹೊತ್ತಾಯಿತು ಬಾ ಅಂದೆ.